ಶುಂಠಿ ನಾಟಿಗೆ ಮೆಷಿನ್ ತರುವ ಮೊದಲು ಟ್ರ್ಯಾಕ್ಟರ್ ಗಾಲಿ ಅಳೆಯಿರಿ

ಶುಂಠಿ ನೆಡುವುದಕ್ಕೆ ಯಾವ ಮೆಷಿನ್ ಒಳ್ಳೆಯದು ಅಂತ ಕೇಳಿಕೊಂಡು ಬರುವವರಿಗೆ ನಾನು ಮೊದಲು ಕೇಳುವುದು ಇದೇ: ನಿಮ್ಮ ಟ್ರ್ಯಾಕ್ಟರಿನ ಹಿಂದಿನ ಎರಡು ಗಾಲಿಗಳ ನಡುವೆ ಎಷ್ಟು ಅಂತರ ಇದೆ? ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಟೇಪು ಹಿಡಿದು ಅಳೆದು ಬನ್ನಿ, ಮೆಷಿನ್ ವಿಷಯ ಆಮೇಲೆ ಮಾತಾಡೋಣ ಅನ್ನುತ್ತೇನೆ. ಶುಂಠಿಯಲ್ಲಿ ಮಡಿ ಮಾಡುವುದು, ಗಡ್ಡೆ ಇಡುವುದು, ಮಣ್ಣು ಏರಿಸುವುದು, ಕೊನೆಗೆ ಕೀಳುವುದು, ಎಲ್ಲವೂ ಆ ಒಂದು ಅಳತೆಯ ಮೇಲೆ ನಿಂತಿದೆ. ಅದು ಸರಿ ಇದ್ದರೆ ಹಳೇ ಮೆಷಿನ್ ಕೂಡ ಚೆನ್ನಾಗಿ ಕೆಲಸ ಮಾಡುತ್ತದೆ. ಅದು ತಪ್ಪಿದರೆ ಎಷ್ಟು ದುಡ್ಡು ಕೊಟ್ಟು ತಂದರೂ ಗಾಲಿ ಮಡಿಯ ಮೇಲೆಯೇ ಹತ್ತುತ್ತದೆ.

ನಮ್ಮದು ಹಾಸನ ಜಿಲ್ಲೆಯ ಆಲೂರು ತಾಲ್ಲೂಕು, ಕೆಂಚಮ್ಮನ ಹೊಸಕೋಟೆ ಕಡೆ. ಒಂದು ಪಕ್ಕ ಕಾಫಿ ತೋಟ, ಇನ್ನೊಂದು ಪಕ್ಕ ಹೊಲ, ನಡುವೆ ಗದ್ದೆ. ಮೈದುನ ಟ್ರ್ಯಾಕ್ಟರ್ ಓಡಿಸುತ್ತಾನೆ, ನಾನು ಹಿಂದೆ ಪ್ಲಾಂಟರಿನ, ಅಂದರೆ ನಾಟಿ ಮೆಷಿನ್ನಿನ ಸೀಟಿನಲ್ಲಿ ಕೂತು ಗಡ್ಡೆ ಬಿಡುತ್ತೇನೆ. ಹಾಗಾಗಿ ನಾನು ಇಲ್ಲಿ ಹೇಳುವುದೆಲ್ಲ ಆ ಸೀಟಿನಿಂದ ಕಂಡದ್ದು.

ನೀರಾವರಿ ಇರುವವರು ಫೆಬ್ರವರಿ ಕೊನೆ, ಮಾರ್ಚಿನಲ್ಲಿ ಶುಂಠಿ ಹಾಕುತ್ತಾರೆ. ಆಗ ಸಕಲೇಶಪುರದ ಕಡೆ ರೊಬಸ್ಟಾ ಕುಯ್ಲು ಇನ್ನೂ ಮುಗಿದಿರುವುದಿಲ್ಲ. ಆಳುಗಳು ತೋಟ ಬಿಟ್ಟು ಹೊಲಕ್ಕೆ ಬರುವುದಿಲ್ಲ. ಮಳೆ ನಂಬಿದವರು ಭರಣಿ, ಕೃತ್ತಿಕೆ ಮಳೆ ನೋಡಿಕೊಂಡು ನೆಡುತ್ತಾರೆ. ಆಗ ಎಲ್ಲರ ಹೊಲವೂ ಒಂದೇ ವಾರದಲ್ಲಿ ಹದಕ್ಕೆ ಬರುತ್ತದೆ, ಎಲ್ಲರಿಗೂ ಒಂದೇ ದಿನ ಆಳು ಬೇಕು. ಮೆಷಿನ್ ಬೇಕು ಅನ್ನುವುದಕ್ಕೆ ಇದು ಒಂದು ಕಾರಣ. ನನಗೆ ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಬೆಳಗ್ಗೆಯಿಂದ ಸಂಜೆವರೆಗೆ ಸೊಂಟ ಬಗ್ಗಿಸಿ ಗಡ್ಡೆ ಇಡುವವರು ನಮ್ಮ ಹೆಣ್ಣುಮಕ್ಕಳು. ನಲವತ್ತು ದಾಟುವಷ್ಟರಲ್ಲಿ ಅವರು ನೆಟ್ಟಗೆ ನಿಲ್ಲಲು ಕಷ್ಟಪಡುವುದನ್ನು ನೋಡಿಕೊಂಡು ಸುಮ್ನೆ ಇರಲು ನನಗೆ ಆಗುವುದಿಲ್ಲ. ಕೂತು ಮಾಡುವ ಕೆಲಸವನ್ನು ಬಗ್ಗಿ ಯಾಕೆ ಮಾಡಬೇಕು?

ಯಾವ ಮೆಷಿನ್

ಹಾಸನ ಆಲೂಗಡ್ಡೆ ಜಿಲ್ಲೆ. ಜಲಂಧರದಿಂದ ಬಿತ್ತನೆ ಗಡ್ಡೆ ತರಿಸಿ ಮುಂಗಾರಿಗೆ ಹಾಕುವುದು ಇಲ್ಲಿನ ರೂಢಿ. ಅಂಗಮಾರಿ ರೋಗದ ಹೊಡೆತಕ್ಕೆ ಬೇಸತ್ತು ಶುಂಠಿಗೆ ಬಂದವರು ಬಹಳ ಜನ. ಅಂಥವರಲ್ಲಿ ಕೆಲವರ ಕೊಟ್ಟಿಗೆಯಲ್ಲಿ ಆಲೂಗಡ್ಡೆ ಪ್ಲಾಂಟರ್ ಇನ್ನೂ ಇದೆ. ಶುಂಠಿಗೆ ಬೇಕಾದ ಮೆಷಿನ್ ಹೆಚ್ಚು ಕಡಿಮೆ ಅದೇ.

ಆದರೆ ಆಲೂಗಡ್ಡೆ ಪ್ಲಾಂಟರಿನಲ್ಲಿ ಎರಡು ಬಗೆ ಇದೆ. ಒಂದು ಪೂರ್ತಿ ತಾನೇ ಬಿತ್ತುವುದು. ಚೈನಿಗೆ ಬಟ್ಟಲು ಜೋಡಿಸಿರುತ್ತಾರೆ, ಅದು ಪೆಟ್ಟಿಗೆಯಿಂದ ಒಂದೊಂದೇ ಗಡ್ಡೆ ಎತ್ತಿಕೊಂಡು ಹೋಗಿ ಸಾಲಿಗೆ ಬಿಡುತ್ತದೆ. ದುಂಡನೆಯ ಆಲೂಗಡ್ಡೆಗೆ ಇದು ಸರಿ. ಶುಂಠಿಗೆ ಬೇಡ. ಶುಂಠಿ ತುಂಡಿಗೆ ಒಂದು ಆಕಾರ ಅಂತ ಇಲ್ಲ, ಬೆರಳು ಬೆರಳಾಗಿ ಚಾಚಿಕೊಂಡಿರುತ್ತದೆ. ಒಂದು ಬಟ್ಟಲಿನಲ್ಲಿ ಎರಡು ಸಿಕ್ಕಿಕೊಳ್ಳುತ್ತವೆ, ಮುಂದಿನದರಲ್ಲಿ ಏನೂ ಇರುವುದಿಲ್ಲ. ಮೊಳಕೆಯ ಕಣ್ಣು ಪೆಟ್ಟಿಗೆಯೊಳಗೇ ಉಜ್ಜಿ ಉದುರುತ್ತದೆ. ಕಣ್ಣು ಹೋದ ತುಂಡು ನೆಲಕ್ಕೆ ಹೋದರೆ ಕೊಳೆಯುವುದಕ್ಕೆ ಬಿಟ್ಟು ಇನ್ಯಾವುದಕ್ಕೂ ಬರುವುದಿಲ್ಲ.

ಎರಡನೆಯದು ಅರ್ಧ ಮೆಷಿನ್, ಅರ್ಧ ಕೈ. ಹಿಂದೆ ಸೀಟು ಇರುತ್ತದೆ. ಮುಂದೆ ತಟ್ಟೆಯ ಹಾಗೆ ಒಂದು ಚಕ್ರ ತಿರುಗುತ್ತಿರುತ್ತದೆ, ಅದರಲ್ಲಿ ಗುಂಡಿಗಳು. ಕೂತವರು ಒಂದೊಂದು ಗುಂಡಿಗೆ ಒಂದೊಂದು ತುಂಡು ಹಾಕುತ್ತಾ ಹೋಗಬೇಕು. ತಟ್ಟೆ ತಿರುಗಿ ಕೊಳವೆಯ ಮೇಲೆ ಬಂದಾಗ ತುಂಡು ಕೆಳಗೆ ಬೀಳುತ್ತದೆ. ಮುಂದಿರುವ ಕುಳ ಸಾಲು ತೆಗೆದಿರುತ್ತದೆ, ಹಿಂದಿರುವ ತಟ್ಟೆಗಳು ಮಣ್ಣು ಮುಚ್ಚುತ್ತವೆ. ರಾಗಿ ಬಿತ್ತುವಾಗ ಕೂರಿಗೆ ಬಟ್ಟಲಿಗೆ ಕೈಯಿಂದ ಕಾಳು ಬಿಡುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಣ್ಣು ಎಲ್ಲಿದೆ ಅಂತ ನೋಡಿ, ಕೊಳೆತದ್ದನ್ನು ಆಚೆ ಎಸೆದು, ಒಳ್ಳೆಯದನ್ನು ಮಾತ್ರ ಬಿಡುವ ಅವಕಾಶ ಈ ಮೆಷಿನ್ನಿನಲ್ಲಿ ಇದೆ. ಶುಂಠಿಗೆ ಇದೇ ಬೇಕು. ಬಿತ್ತನೆ ಗಡ್ಡೆಗೆ ಅಷ್ಟೊಂದು ದುಡ್ಡು ಸುರಿಯುವ ಬೆಳೆಯಲ್ಲಿ ಕೊನೆಯ ಒಂದು ನೋಟ ಮನುಷ್ಯರದೇ ಆಗಿರಬೇಕು ಅನ್ನುವುದು ನನ್ನ ಅಭಿಪ್ರಾಯ.

ಸಾಲು ಎಷ್ಟಿರಬೇಕು? ಕೈಯಲ್ಲಿ ನೆಡುವಾಗ 1 ಮೀಟರ್ ಮಡಿಯಲ್ಲಿ 25 ಸೆಂ.ಮೀ. ಅಂತರಕ್ಕೆ ಮೂರು ಸಾಲೋ ನಾಲ್ಕು ಸಾಲೋ ಹಾಕುತ್ತೇವೆ. ಮೆಷಿನ್ನಿನಲ್ಲಿ ಮೂರು ಸೀಟು ಪಕ್ಕಪಕ್ಕ ಇಟ್ಟರೆ ಸಾಲಿನ ಅಂತರ 25 ಸೆಂ.ಮೀ.ಗೆ ಬರುವುದೇ ಇಲ್ಲ, ಒಬ್ಬರು ಕೂರುವ ಜಾಗವೇ ಅದಕ್ಕಿಂತ ಅಗಲ. ಮಧ್ಯದ ಸೀಟನ್ನು ಹಿಂದಕ್ಕೆ ತಳ್ಳಿ ಮೂರು ಸಾಲಿನದು ಮಾಡಿಸಬಹುದು. ಆದರೆ ಉದ್ದ ಜಾಸ್ತಿಯಾಗಿ ತಿರುಗಿಸಲು ಜಾಗ ಸಾಲುವುದಿಲ್ಲ, ಮೆಷಿನ್ ಎತ್ತುವ ಟ್ರ್ಯಾಕ್ಟರಿನ ಹೈಡ್ರಾಲಿಕ್ ಮೇಲೂ ಭಾರ ಬೀಳುತ್ತದೆ. ನಮ್ಮ ಕಡೆಯ ಸಣ್ಣ ಸಣ್ಣ ತಾಕಿಗೆ ಎರಡು ಸಾಲಿನದೇ ಸರಿ. ಎರಡು ಸಾಲಿನ ಮಧ್ಯೆ 45 ಸೆಂ.ಮೀ., ಸಾಲಿನೊಳಗೆ ಗಿಡದಿಂದ ಗಿಡಕ್ಕೆ 20 ಸೆಂ.ಮೀ. ಆಲೂಗಡ್ಡೆಗೆ ಅಂತರ ಜಾಸ್ತಿ ಇರುತ್ತದೆ. ಕುಳದ ಕ್ಲ್ಯಾಂಪ್ ಸಡಿಲಿಸಿ ಒಳಕ್ಕೆ ತಂದು ಬಿಗಿಯಬೇಕು. ಮಣ್ಣು ಏರಿಸಲು ಮಧ್ಯೆ ಜಾಗ ಸಿಗುತ್ತದೆ ಅನ್ನುವುದು ಎರಡು ಸಾಲಿನ ಇನ್ನೊಂದು ಲಾಭ.

ಗಾಲಿ, ಮಡಿ, ಬಸಿಗಾಲುವೆ

ಈಗ ಟೇಪು ತೆಗೆದುಕೊಳ್ಳಿ. ಎಡ ಟೈರಿನ ನಡುವಿನಿಂದ ಬಲ ಟೈರಿನ ನಡುವಿಗೆ 1.5 ಮೀಟರ್, ಅಂದರೆ ಹತ್ತಿರ ಹತ್ತಿರ 5 ಅಡಿ ಬರುವ ಹಾಗೆ ಇಟ್ಟುಕೊಳ್ಳಿ. ರಿಮ್ಮು ಮತ್ತು ಡಿಸ್ಕನ್ನು ತಿರುವಿ ಹಾಕಿದರೆ ಈ ಅಂತರ ಹೆಚ್ಚು ಕಡಿಮೆ ಮಾಡಬಹುದು, ಟ್ರ್ಯಾಕ್ಟರ್ ಮೆಕ್ಯಾನಿಕ್‌ಗೆ ಇದು ಗೊತ್ತಿರುವ ಕೆಲಸ. ಮುಂದಿನ ಗಾಲಿಯನ್ನೂ ಅದೇ ದಾರಿಗೆ ತರಬೇಕು. ಇದನ್ನು ಮರೆಯಬೇಡಿ. ಹಿಂದಿನದು ಕಾಲುವೆಯಲ್ಲಿ, ಮುಂದಿನದು ಮಡಿ ಮೇಲೆ ಆದರೆ ಏನು ಬಂತು?

13.6 ಇಂಚಿನ ಟೈರಾದರೆ ಎರಡರ ಒಳಗೆ ಮೂರೂ ಮುಕ್ಕಾಲು ಅಡಿ ಉಳಿಯುತ್ತದೆ. ಅದು ನಿಮ್ಮ ಮಡಿಯ ಬುಡದ ಅಗಲ. ಮೇಲಕ್ಕೆ ಬರುತ್ತಾ ಇಳಿಜಾರಾಗಿ ತಲೆಯಲ್ಲಿ 3 ಅಡಿ ಸಿಗುತ್ತದೆ. ಗಾಲಿ ಓಡುವ ಜಾಗವೇ ಬಸಿಗಾಲುವೆ. ಮಲೆನಾಡಿನ ಅಂಚಿನ ನಮ್ಮ ಮಳೆಗೆ ಮಡಿಯ ಎತ್ತರ 30 ಸೆಂ.ಮೀ. ಬೇಕು, ಒಂದು ಅಡಿ ಅಂತ ಇಟ್ಟುಕೊಳ್ಳಿ. ಬಯಲುಸೀಮೆ ಕಡೆಯವರು, ಅರಸೀಕೆರೆ, ಕಡೂರಿನವರು ಇದಕ್ಕಿಂತ ತಗ್ಗು ಮಾಡಿದರೂ ನಡೆಯುತ್ತದೆ.

ಉಳುಮೆ ಆಳವಾಗಿ ಆಗಬೇಕು. ಮೊದಲು ನೇಗಿಲು, ಆಮೇಲೆ ಕಲ್ಟಿವೇಟರ್, ಕೊನೆಗೆ ರೋಟವೇಟರ್. ಹೆಕ್ಟೇರಿಗೆ 25ರಿಂದ 30 ಟನ್ ಕೊಟ್ಟಿಗೆ ಗೊಬ್ಬರ ಅನ್ನುತ್ತಾರೆ, ಎಕರೆಗೆ 10–12 ಟನ್ ಆಯಿತು. ಬೇವಿನ ಹಿಂಡಿ ಎಕರೆಗೆ 800 ಕೆ.ಜಿ. ಗೊಬ್ಬರ ಪೂರ್ತಿ ಕಳಿತಿರಲಿ. ಕೈಯಲ್ಲಿ ನೆಡುವವರಿಗೆ ಹಸಿ ಗೊಬ್ಬರದ ಗಂಟು ಸಿಕ್ಕಿದರೆ ಪಕ್ಕಕ್ಕೆ ತಳ್ಳುತ್ತಾರೆ. ಮೆಷಿನ್ ಕುಳಕ್ಕೆ ಅದು ಸುತ್ತಿಕೊಂಡರೆ ಸಾಲು ಪೂರ್ತಿ ಕೆದರಿಹೋಗುತ್ತದೆ. ಜೋಳದ ಕೂಳೆ, ಬೇರು, ಕಲ್ಲು ಕೂಡ ಹಾಗೆಯೇ. ಆರಿಸುವ ಕೆಲಸಕ್ಕೆ ಒಂದು ದಿನ ಜಾಸ್ತಿ ಕೊಡಿ.

ಮಡಿ ಮಾಡಲು ಟ್ರ್ಯಾಕ್ಟರಿಗೆ ಹಾಕುವ ಬೆಡ್ ಮೇಕರ್ ಸಿಗುತ್ತದೆ. ಅದು ಇಲ್ಲದಿದ್ದರೆ ಮಣ್ಣನ್ನು ಎರಡೂ ಪಕ್ಕಕ್ಕೆ ಎತ್ತಿ ಹಾಕುವ ಎರಡು ರಿಡ್ಜರ್ ರೆಕ್ಕೆಗಳನ್ನು 1.5 ಮೀಟರ್ ದೂರಕ್ಕೆ ಕಟ್ಟಿಕೊಂಡರೂ ಸಾಕು. ಮೊದಲ ಸಾಲಿಗೆ ಹಗ್ಗ ಹಿಡಿಯಲೇಬೇಕು. ಮೊದಲನೆಯದು ಸೊಟ್ಟಗಾದರೆ ಕೊನೆಯವರೆಗೂ ಎಲ್ಲವೂ ಸೊಟ್ಟ. ಮಡಿ ಇಳಿಜಾರಿಗೆ ಅಡ್ಡಲಾಗಿ ಇರಲಿ, ಆದರೆ ನೀರು ನಿಲ್ಲದ ಹಾಗೆ ಒಂದು ಪಕ್ಕಕ್ಕೆ ಸ್ವಲ್ಪ ವಾಟ ಇರಲಿ. ಕೈಯಲ್ಲಿ ಸಣ್ಣ ಸಣ್ಣ ಮಡಿ ಮಾಡುತ್ತಿದ್ದಾಗ ನಡುನಡುವೆ ನೀರು ಹೋಗಲು ದಾರಿ ಇರುತ್ತಿತ್ತು. ಮೆಷಿನ್ ಮಡಿ ಈ ಬದುವಿನಿಂದ ಆ ಬದುವಿನವರೆಗೆ ಒಂದೇ ಉದ್ದ. ಜುಲೈ ಮಳೆಯಲ್ಲಿ ಕಾಲುವೆ ತುಂಬಿದರೆ ನೀರು ಮಡಿ ಒಡೆದುಕೊಂಡು ಹೋಗುತ್ತದೆ. ಅದಕ್ಕೆ ನಾವು ನೂರು ಅಡಿಗೆ ಒಂದರಂತೆ ಅಡ್ಡ ಕಾಲುವೆ ಹೊಡೆಯುತ್ತೇವೆ. ಇದನ್ನು ನಾಟಿ ಆದ ಮೇಲೆ ಗುದ್ದಲಿಯಲ್ಲಿ ಮಾಡಿ. ಮೊದಲೇ ಮಾಡಿದರೆ ಟ್ರ್ಯಾಕ್ಟರ್ ಅದರಲ್ಲಿ ಎಗರುತ್ತದೆ.

ಲೆಕ್ಕ

ಒಂದು ಎಕರೆ ಅಂದರೆ 4,047 ಚದರ ಮೀಟರ್. ಮಡಿ, ಕಾಲುವೆ ಸೇರಿ 1.5 ಮೀಟರ್. ಭಾಗಿಸಿದರೆ ಎಕರೆಗೆ 2,700 ಮೀಟರ್ ಮಡಿ ಬರುತ್ತದೆ. ಎರಡು ಸಾಲು, ಮೀಟರಿಗೆ ಐದು ತುಂಡು. ಒಟ್ಟು 27,000 ತುಂಡು. ಒಂದು ತುಂಡು 30 ಗ್ರಾಂ ಆದರೆ 810 ಕೆ.ಜಿ. ನಮ್ಮ 60 ಕೆ.ಜಿ. ಚೀಲದ ಲೆಕ್ಕದಲ್ಲಿ ಹದಿಮೂರೂವರೆ ಚೀಲ. ಅದೇ ತುಂಡು 50 ಗ್ರಾಂ ಇಟ್ಟರೆ ಇಪ್ಪತ್ತೆರಡೂವರೆ ಚೀಲ ಬೇಕು. ಒಂಬತ್ತು ಚೀಲದ ವ್ಯತ್ಯಾಸ! ಬಿತ್ತನೆ ಶುಂಠಿಯ ರೇಟು ಏರಿದ ವರ್ಷ ಈ ಒಂಬತ್ತು ಚೀಲದ ದುಡ್ಡೇ ಮೆಷಿನ್ ಬಾಡಿಗೆಗಿಂತ ಜಾಸ್ತಿ ಆಗುತ್ತದೆ. ಕೈ ನಾಟಿಯಲ್ಲಿ ತುಂಡಿನ ಗಾತ್ರ ಯಾರ ಕೈಗೆ ಹೇಗೆ ಬಂತೋ ಹಾಗೆ. ಮೆಷಿನ್ನಿಗೆ ಒಂದೇ ಗಾತ್ರ ಬೇಕಾಗಿರುವುದರಿಂದ ನಾವೂ ಶಿಸ್ತಿಗೆ ಬರುತ್ತೇವೆ.

ವೇಗದ ಲೆಕ್ಕವನ್ನೂ ನೋಡಿ. ಗಂಟೆಗೆ 800 ಮೀಟರ್ ಹೋದರೆ ನಿಮಿಷಕ್ಕೆ ಹದಿಮೂರು ಮೀಟರ್ ಚಿಲ್ಲರೆ. ಒಬ್ಬರು ನಿಮಿಷಕ್ಕೆ 67 ತುಂಡು ಹಾಕಬೇಕು, ಅಂದರೆ ಸೆಕೆಂಡಿಗೆ ಒಂದಕ್ಕಿಂತ ಸ್ವಲ್ಪ ಜಾಸ್ತಿ. ಎರಡೂ ಕೈ ಓಡಿಸಿದರೆ ಇದು ಆಗುತ್ತದೆ. ಇದಕ್ಕಿಂತ ಜೋರಾಗಿ ಹೋದರೆ ಗುಂಡಿ ಖಾಲಿ ಹೋಗುತ್ತದೆ. ಮಾಮೂಲಿ ಟ್ರ್ಯಾಕ್ಟರ್ ಒಂದನೇ ಲೋ ಗೇರಿನಲ್ಲೂ ಇಷ್ಟು ನಿಧಾನ ಹೋಗುವುದಿಲ್ಲ. ಅದಕ್ಕೆ ಬಾಡಿಗೆಗೆ ಕರೆಯುವಾಗ ತೀರ ನಿಧಾನಕ್ಕೆ ಓಡಿಸುವ ಕ್ರೀಪರ್ ಗೇರ್ ಇದೆಯಾ ಅಂತ ಕೇಳಿಯೇ ಕರೆಯಿರಿ. ಕ್ರೀಪರ್ ಇಲ್ಲದಿದ್ದರೆ ಒಂದೊಂದು ಸಾಲಿಗೆ ಇಬ್ಬರನ್ನು ಕೂರಿಸುವ ಹಾಗೆ ಸೀಟು ಮಾಡಿಸಬೇಕಾಗುತ್ತದೆ. 2,700 ಮೀಟರ್ ಓಡಲು ಮೂರೂವರೆ ಗಂಟೆ. ತಿರುಗಿಸುವುದು, ಗಡ್ಡೆ ತುಂಬುವುದು, ಮಧ್ಯೆ ಕಾಫಿ ಎಲ್ಲ ಸೇರಿ ಒಂದು ಎಕರೆಗೆ ಮುಕ್ಕಾಲು ದಿನ ಇಟ್ಟುಕೊಳ್ಳಿ. ಜನ ನಾಲ್ಕು: ಡ್ರೈವರ್, ಸೀಟಿನಲ್ಲಿ ಇಬ್ಬರು, ಗಡ್ಡೆ ತಂದುಕೊಟ್ಟು ಹಿಂದೆ ನೋಡಿಕೊಂಡು ಬರುವವರು ಒಬ್ಬರು.

ತುಂಡಿನಿಂದ ತುಂಡಿಗೆ ಅಂತರವನ್ನು ಟ್ರ್ಯಾಕ್ಟರ್ ವೇಗ ತೀರ್ಮಾನ ಮಾಡುವುದಿಲ್ಲ, ನೆಲದ ಮೇಲೆ ಉರುಳುವ ಮೆಷಿನ್ನಿನ ಚಕ್ರ ತೀರ್ಮಾನ ಮಾಡುತ್ತದೆ. ಆ ಚಕ್ರದ ಸುತ್ತಳತೆ 160 ಸೆಂ.ಮೀ. ಇದ್ದು, ಅದು ಒಂದು ಸುತ್ತು ಬರುವಷ್ಟರಲ್ಲಿ ತಟ್ಟೆಯ 8 ಗುಂಡಿ ಖಾಲಿಯಾದರೆ 20 ಸೆಂ.ಮೀ.ಗೆ ಒಂದು ತುಂಡು. ನಿಮ್ಮ ಮೆಷಿನ್ನಿನ ಚಕ್ರಕ್ಕೆ ದಾರ ಸುತ್ತಿ ಅಳೆಯಿರಿ, ಕೈಯಲ್ಲಿ ಒಂದು ಸುತ್ತು ತಿರುಗಿಸಿ ಗುಂಡಿ ಎಣಿಸಿ. ಅಂತರ ಸರಿ ಬರದಿದ್ದರೆ ಚೈನಿನ ಸ್ಪ್ರಾಕೆಟ್ ಬದಲಾಯಿಸಬೇಕು, ಹಲ್ಲಿನ ಸಂಖ್ಯೆ ಬದಲಾದಂತೆ ಅಂತರ ಬದಲಾಗುತ್ತದೆ.

ಗಡ್ಡೆ

ನನ್ನ ಕೇಳಿದರೆ ಅರ್ಧ ಕೆಲಸ ಇಲ್ಲೇ ಇದೆ. ಮೆಷಿನ್ ಹೊಲಕ್ಕೆ ಬರುವ ಮೊದಲೇ ನಾಟಿ ಚೆನ್ನಾಗಿ ಆಗುತ್ತದೋ ಇಲ್ಲವೋ ಅನ್ನುವುದು ಗಡ್ಡೆ ಮುರಿಯುವ ನೆರಳಿನಲ್ಲಿ ತೀರ್ಮಾನ ಆಗಿರುತ್ತದೆ.

ಕೊಳೆ ರೋಗ ಬಂದ ಹೊಲದ ಗಡ್ಡೆ ಬಿತ್ತನೆಗೆ ಬೇಡವೇ ಬೇಡ, ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ. ಸಾಧ್ಯವಾದರೆ ಬಿತ್ತನೆಗೆ ತರುವ ಹೊಲವನ್ನು ಹಿಂದಿನ ಮಳೆಗಾಲದಲ್ಲೇ ಹೋಗಿ ನೋಡಿಕೊಂಡು ಬನ್ನಿ. ಗಿಡ ಹಸಿರಾಗಿದ್ದಾಗಲೇ ಎಲೆ ಸುರುಳಿಕೊಂಡು ಸೊರಗಿದ್ದರೆ ಒಂದು ಕಾಂಡ ಕತ್ತರಿಸಿ ಗಾಜಿನ ಲೋಟದ ನೀರಿನಲ್ಲಿ ನಿಲ್ಲಿಸಿ. ಕತ್ತರಿಸಿದ ಜಾಗದಿಂದ ಹಾಲಿನಂಥ ಎಳೆ ಇಳಿದರೆ ಅದು ಬ್ಯಾಕ್ಟೀರಿಯಾ ಸೊರಗು. ಆ ಹೊಲದ ಕಡೆ ತಲೆ ಹಾಕಬೇಡಿ.

ಮುರಿಯುವಾಗ ಒಂದು ತುಂಡಿಗೆ ಒಂದು, ಎರಡು ಒಳ್ಳೆಯ ಕಣ್ಣು ಇರಲಿ. ಪುಸ್ತಕದ ಪ್ರಕಾರ 20–25 ಗ್ರಾಂ ಸಾಕು. ಮೆಷಿನ್ನಿಗೆ ನಾನು 30 ಗ್ರಾಂ ಇಡುತ್ತೇನೆ, ಯಾಕೆಂದರೆ ಕೊಳವೆಯಲ್ಲಿ ಬೀಳುವಾಗ ಒಂದು ಕಣ್ಣಿಗೆ ಪೆಟ್ಟಾದರೂ ಇನ್ನೊಂದು ಇರಲಿ ಅಂತ. ಉದ್ದ ಐದು ಸೆಂ.ಮೀ. ದಾಟಬಾರದು. ಶುರುವಿನಲ್ಲಿ ಕೈಗೆ ಅಂದಾಜು ಸಿಗುವುದಿಲ್ಲ. ಒಂದು ಕೆ.ಜಿ. ತೂಕಕ್ಕೆ ಹಾಕಿ ಎಣಿಸಿ, 33 ತುಂಡು ಬಂದರೆ ಸರಿ. ಒಂದು ಗಂಟೆ ಹೀಗೆ ಮಾಡಿದರೆ ಬೆರಳೇ ತೂಕ ಹೇಳುತ್ತದೆ. ತೀರ ಉದ್ದದ ಬೆರಳು, ಕವಲೊಡೆದ ತುಂಡು ಗುಂಡಿಯಲ್ಲಿ ಅಡ್ಡ ನಿಲ್ಲುತ್ತದೆ. ಅದನ್ನು ಬೇರೆ ಕುಕ್ಕೆಗೆ ಹಾಕಿ, ಬದುವಿನ ಅಂಚಿನಲ್ಲಿ ಕೈಯಲ್ಲೇ ನೆಡಲು ಆಗುತ್ತದೆ. ಚಾಕು ಬಳಸಿದರೆ ಪಕ್ಕದಲ್ಲಿ ಬ್ಲೀಚಿಂಗ್ ಪುಡಿ ಕಲಸಿದ ನೀರು ಇಟ್ಟುಕೊಂಡು ಆಗಾಗ ಅದ್ದಿ. ರೋಗದ ಒಂದು ಗಡ್ಡೆ ಕತ್ತರಿಸಿದ ಚಾಕು ಮುಂದಿನ ಗಡ್ಡೆಗಳಿಗೆಲ್ಲ ರೋಗ ಹಂಚುತ್ತದೆ.

ಮೊಳಕೆ ಎಷ್ಟು ಬಂದಿರಬೇಕು? ಕೈ ನಾಟಿಗೆ ಒಂದಿಂಚು ಮೊಳಕೆ ಬಂದಿದ್ದರೂ ಹುಷಾರಾಗಿ ಇಡುತ್ತಾರೆ. ಮೆಷಿನ್ನಿಗೆ ಅಷ್ಟು ಬೇಡ. ಕಣ್ಣು ಊದಿಕೊಂಡು ತಿಳಿ ಹಳದಿಯಾಗಿ, ಬಟಾಣಿ ಕಾಳಿನಷ್ಟು ಇದ್ದಾಗ ಹಾಕಬೇಕು. ಅದಕ್ಕಿಂತ ಉದ್ದ ಬಂದರೆ ಮುರಿಯುತ್ತದೆ. ಅದಕ್ಕೇ ಮೆಷಿನ್ ಬರುವ ದಿನ ಗೊತ್ತು ಮಾಡಿಕೊಂಡು ಗಡ್ಡೆಯನ್ನು ಕೂಡಿಟ್ಟ ನೆಲದ ಗುಂಡಿಯಿಂದ ತೆಗೆಯಬೇಕು. ತೆಗೆದಿಟ್ಟು ಮೆಷಿನ್ನಿಗೆ ಕಾಯುತ್ತಾ ಕೂತರೆ ಮೊಳಕೆ ಕಾಯುವುದಿಲ್ಲ.

ಮುರಿದ ಮೇಲೆ ಔಷಧ. ಅಂಗಡಿಯಲ್ಲಿ ಎಂ-45 ಅಂತ ಕೇಳುವ ಮ್ಯಾಂಕೋಜೆಬ್, ಲೀಟರ್ ನೀರಿಗೆ 3 ಗ್ರಾಂ. ಅದರಲ್ಲಿ 30 ನಿಮಿಷ ನೆನೆಸಿ ನೆರಳಿನಲ್ಲಿ ಮೂರು ನಾಲ್ಕು ಗಂಟೆ ಹರವಿ. ಮೆಷಿನ್ನಿಗೆ ಪೂರ್ತಿ ಆರಿರಬೇಕು. ಒದ್ದೆ ತುಂಡಿಗೆ ಮಣ್ಣು ಅಂಟುತ್ತದೆ, ಗುಂಡಿಗೆ ಅಂಟುತ್ತದೆ, ಕೊಳವೆಯ ಒಳಗೆ ಪದರ ಕಟ್ಟುತ್ತದೆ. ಹಿಂದಿನ ದಿನ ಮಧ್ಯಾಹ್ನ ನೆನೆಸಿ ರಾತ್ರಿಯೆಲ್ಲ ಗಾಳಿಗೆ ಹರವಿಬಿಟ್ಟರೆ ಬೆಳಗ್ಗೆಗೆ ಸರಿಯಾಗುತ್ತದೆ. ಸೀಟಿನಲ್ಲಿ ಕೂರುವವರು ಗಂಟೆಗಟ್ಟಲೆ ಈ ಔಷಧದ ಗಡ್ಡೆಯನ್ನೇ ಮುಟ್ಟುತ್ತಿರುತ್ತಾರೆ. ಕೈಗೆ ಗ್ಲೌಸ್, ಮೂಗಿಗೆ ಬಟ್ಟೆ ಕೊಡಿ, ಕೈ ತೊಳೆಯದೆ ಎಲೆ ಅಡಿಕೆ ಹಾಕಲು ಬಿಡಬೇಡಿ. ಗ್ಲೌಸ್ ತೆಳುವಾಗಿರಲಿ, ದಪ್ಪದ್ದಾದರೆ ಕಣ್ಣು ಬೆರಳಿಗೆ ತಿಳಿಯುವುದಿಲ್ಲ.

ಮೆಷಿನ್ ಹೊಂದಿಸುವುದು

ಗಡ್ಡೆ ಬೀಳುವ ಕೊಳವೆ ಅಗಲ ಇರಲಿ. ಕಿರಿದಾಗಿದ್ದರೆ ತೆಗೆದು ನಾಲ್ಕು ಇಂಚಿನ ಪಿವಿಸಿ ಪೈಪ್ ಹಾಕಿಸಿ. ಪೈಪಿನ ತುದಿ ಸಾಲಿನ ತಳಕ್ಕೆ ಎಷ್ಟು ಹತ್ತಿರ ಇರುತ್ತದೋ ಅಷ್ಟು ಒಳ್ಳೆಯದು. ಎತ್ತರದಿಂದ ಬಿದ್ದರೆ ತುಂಡು ಪುಟಿದು ಉರುಳುತ್ತದೆ, 20 ಸೆಂ.ಮೀ. ಇರುವಲ್ಲಿ ಒಂದು ಕಡೆ 10, ಇನ್ನೊಂದು ಕಡೆ 30 ಆಗುತ್ತದೆ.

ಆಳ ತುಂಬ ಮುಖ್ಯ. ತುಂಡಿನ ಮೇಲೆ 5 ಸೆಂ.ಮೀ. ಮಣ್ಣು ಸಾಕು. ಆಲೂಗಡ್ಡೆ ಪ್ಲಾಂಟರ್ ತನ್ನ ಪಾಡಿಗೆ ಬಿಟ್ಟರೆ ದೊಡ್ಡ ದಿಬ್ಬ ಮಾಡಿ ಮುಚ್ಚುತ್ತದೆ. ಆಲೂಗಡ್ಡೆಗೆ ಅದು ಸರಿ, ಶುಂಠಿಗೆ ಅದು ಭಾರ. ಆಳಕ್ಕೆ ಹೋದ ತುಂಡು ತಡವಾಗಿ ಏಳುತ್ತದೆ, ಆ ಹೊತ್ತಿಗೆ ಮಳೆ ಹಿಡಿದುಕೊಂಡರೆ ಏಳದೆಯೂ ಇರುತ್ತದೆ. ಮುಚ್ಚುವ ತಟ್ಟೆಗಳನ್ನು ಸ್ವಲ್ಪ ನೇರಕ್ಕೆ ತಿರುಗಿಸಿದರೆ ಕಡಿಮೆ ಮಣ್ಣು ಎಳೆಯುತ್ತವೆ. ಆಳವನ್ನು ಹೈಡ್ರಾಲಿಕ್ ಲಿವರಿನಿಂದ ಅಂದಾಜಿಗೆ ಹಿಡಿಯಬೇಡಿ, ಮೆಷಿನ್ನಿನ ಆಳದ ಗಾಲಿಯಲ್ಲಿ ಕಟ್ಟಿಹಾಕಿ.

ಗೊಬ್ಬರದ ಪೆಟ್ಟಿಗೆ ಇದ್ದರೆ ಗೊಬ್ಬರ ಗಡ್ಡೆಗೆ ತಾಗಬಾರದು. ಪಕ್ಕಕ್ಕೆ 5 ಸೆಂ.ಮೀ., ಕೆಳಕ್ಕೆ 5 ಸೆಂ.ಮೀ. ಬೀಳಲಿ. ಕೋಝಿಕ್ಕೋಡಿನ ಭಾರತೀಯ ಸಾಂಬಾರು ಬೆಳೆಗಳ ಸಂಶೋಧನಾ ಸಂಸ್ಥೆ ಹೆಕ್ಟೇರಿಗೆ 75 ಕೆ.ಜಿ. ಸಾರಜನಕ, 50 ಕೆ.ಜಿ. ರಂಜಕ, 50 ಕೆ.ಜಿ. ಪೊಟ್ಯಾಷ್ ಹೇಳುತ್ತದೆ. ಅದರಲ್ಲಿ ನಾಟಿಗೆ ಪೂರ್ತಿ ರಂಜಕ, ಅರ್ಧ ಪೊಟ್ಯಾಷ್. ಎಕರೆಗೆ ಸೂಪರ್ ಫಾಸ್ಫೇಟ್ ಆದರೆ ಎರಡೂವರೆ ಮೂಟೆ ಆಗುತ್ತದೆ. ಯೂರಿಯಾವನ್ನು ಈ ಪೆಟ್ಟಿಗೆಗೆ ಹಾಕಬೇಡಿ, ಅದು ಗಿಡ ಎದ್ದ ಮೇಲೆ.

ಪೂರ್ತಿ ಹೊಲಕ್ಕೆ ಇಳಿಯುವ ಮುಂಚೆ ಹತ್ತು ಮೀಟರ್ ಓಡಿಸಿ ನಿಲ್ಲಿಸಿ. ಕೈಯಿಂದ ಮಣ್ಣು ಕೆರೆದು ಸಾಲು ಬಿಡಿಸಿ. ಒಂದು ಸಾಲಿನಲ್ಲಿ 50 ತುಂಡು ಸಿಗಬೇಕು. 46ಕ್ಕಿಂತ ಕಡಿಮೆ ಇದ್ದರೆ ಚಕ್ರ ಜಾರುತ್ತಿದೆ, ಇಲ್ಲಾ ಕೂತವರಿಗೆ ವೇಗ ಜಾಸ್ತಿಯಾಗಿದೆ. ಕಡ್ಡಿ ಚುಚ್ಚಿ ಆಳ ನೋಡಿ. ಒಂದೆರಡು ತುಂಡು ಎತ್ತಿ ಕಣ್ಣು ಹಾಗೇ ಇದೆಯಾ ನೋಡಿ. ಸರಿ ಹೋಗುವವರೆಗೂ ಈ ಹತ್ತು ಮೀಟರನ್ನು ಮತ್ತೆ ಮತ್ತೆ ಮಾಡಿ. ಬಾಡಿಗೆಯವರು ಅವಸರ ಮಾಡುತ್ತಾರೆ. ಮಾಡಲಿ, ಬೆಳೆ ನಿಮ್ಮದು.

ಓಡಿಸುವಾಗ

ಹದ ನೋಡಿ. ಮಣ್ಣನ್ನು ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ಬೆರಳು ತಾಗಿಸಿದರೆ ಪುಡಿಯಾಗಬೇಕು. ಒದ್ದೆ ಇದ್ದಾಗ ಇಳಿಸಿದರೆ ಕುಳ ಸಾಲಿನ ಗೋಡೆಯನ್ನು ಮೆತ್ತಿದ ಹಾಗೆ ಮಾಡುತ್ತದೆ, ನೀರು ಅಲ್ಲೇ ನಿಲ್ಲುತ್ತದೆ. ಟೈರು ಓಡಿದ ಕಾಲುವೆ ತಳವೂ ಗಟ್ಟಿಯಾಗುತ್ತದೆ. ಭರಣಿ ಮಳೆ ಬಿತ್ತು ಅಂತ ಮಾರನೇ ದಿನವೇ ಓಡಬೇಡಿ, ಒಂದೆರಡು ಬಿಸಿಲು ಕಾಣಲಿ.

ಸೀಟಿನಲ್ಲಿ ಕೂತವರಿಗೆ ಡ್ರೈವರ್ ಬೆನ್ನು ಮಾತ್ರ ಕಾಣುತ್ತದೆ. ಇಂಜಿನ್ ಸದ್ದಿಗೆ ಕೂಗಿದರೂ ಕೇಳಿಸುವುದಿಲ್ಲ. ನಾವು ಒಂದು ದಾರವನ್ನು ನನ್ನ ಸೀಟಿನಿಂದ ಮುಂದಕ್ಕೆ ಎಳೆದು ಸ್ಟೇರಿಂಗ್ ಹತ್ತಿರ ಒಂದು ದನದ ಗಂಟೆ ಕಟ್ಟಿದ್ದೇವೆ. ಒಂದು ಸಲ ಎಳೆದರೆ ನಿಧಾನ, ಎರಡು ಸಲ ಎಳೆದರೆ ನಿಲ್ಲಿಸು. "ಅತ್ತಿಗೆ, ನಿಮ್ಮ ಗಂಟೆ ಕೇಳಿದ ಮೇಲೆ ನಾನು ಹಿಂದಕ್ಕೆ ತಿರುಗಿ ನೋಡೋದೇ ಬಿಟ್ಟೆ, ಸಾಲೂ ನೆಟ್ಟಗೆ ಬರ್ತಿದೆ" ಅಂದ ಮೈದುನ. ಕೊಳವೆ ಕಟ್ಟಿಕೊಂಡದ್ದು ಮೊದಲು ಗೊತ್ತಾಗುವುದು ಕೂತವರಿಗೆ. ಅವರ ಕೈಯಲ್ಲಿ ನಿಲ್ಲಿಸುವ ದಾರ ಇರಲೇಬೇಕು.

ಸೀಟಿಗೆ ಬೆನ್ನಾಸರೆ, ಕಾಲಿಡಲು ಪಟ್ಟಿ, ತಲೆ ಮೇಲೆ ನೆರಳು ಮಾಡಿಸಿ. ಮಾರ್ಚ್ ಬಿಸಿಲಿನಲ್ಲಿ ಮೂರೂವರೆ ಗಂಟೆ ಕೂರುವುದು ಸುಲಭ ಅಲ್ಲ. ಚೈನಿಗೆ ಮುಚ್ಚಳ ಇರಲಿ. ಸೀರೆ ಸೆರಗು, ಚೂಡಿದಾರದ ವೇಲು ಚೈನಿಗೆ ಸಿಗುವ ಅಪಾಯ ಇದ್ದೇ ಇದೆ, ಮೇಲೊಂದು ಶರ್ಟು ಹಾಕಿ ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿಕೊಳ್ಳಲಿ. ತಿರುಗಿಸುವಾಗ ಮೆಷಿನ್ ಎತ್ತುವ ಮೊದಲು ಕೂತವರು ಇಳಿಯಬೇಕು. ಒಂದು ಸಲವೂ ಇದನ್ನು ಬಿಡಬೇಡಿ. ಎರಡು ಗಂಟೆಗೊಮ್ಮೆ ಜಾಗ ಬದಲಾಯಿಸಿಕೊಳ್ಳಲಿ, ಕಣ್ಣು ದಣಿದ ಮೇಲೆ ಖಾಲಿ ಗುಂಡಿ ಕಾಣಿಸುವುದಿಲ್ಲ.

ತೊಳೆಯದ ಮೆಷಿನ್ನನ್ನು ಹೊಲಕ್ಕೆ ಬಿಡಬೇಡಿ

ಇದನ್ನು ದಪ್ಪ ಅಕ್ಷರದಲ್ಲಿ ಬರೆದುಕೊಳ್ಳಿ. ಗಡ್ಡೆ ಕೊಳೆಸುವ ಪಿಥಿಯಂ ಶಿಲೀಂಧ್ರ, ಸೊರಗು ತರುವ ಬ್ಯಾಕ್ಟೀರಿಯಾ, ಎರಡೂ ಮಣ್ಣಿನಲ್ಲಿ ಬದುಕುತ್ತವೆ. ನಮ್ಮಲ್ಲಿ ಶುಂಠಿ ಹೊಲ ಗುತ್ತಿಗೆಗೆ ಹೋಗುವುದು ಜಾಸ್ತಿ. ವಯನಾಡಿನಿಂದಲೂ ಬಂದು ಮಾಡುತ್ತಾರೆ, ನಮ್ಮವರೂ ಮಾಡುತ್ತಾರೆ. ಒಂದು ಸಲ ಶುಂಠಿ ಹಾಕಿದ ಜಾಗಕ್ಕೆ ಮೂರು ನಾಲ್ಕು ವರ್ಷ ಮತ್ತೆ ಹಾಕಬಾರದು ಅಂತ ಹೊಸ ಹೊಲ ಹುಡುಕಿಕೊಂಡು ಹೋಗುವುದೇ ಈ ರೋಗಕ್ಕೆ ಹೆದರಿ ಅಲ್ವಾ? ಅಷ್ಟು ಜೋಪಾನ ಮಾಡಿ, ಕಳೆದ ವಾರ ಕೊಳೆ ಹೊಲದಲ್ಲಿ ಓಡಿದ ರೋಟವೇಟರನ್ನು ಅದರ ಮಣ್ಣಿನ ಸಮೇತ ನಮ್ಮ ಹೊಲಕ್ಕೆ ಇಳಿಸಿದರೆ ಹೇಗೆ? ಟೈರಿನ ಗುಬ್ಬದ ಸಂದಿಯಲ್ಲಿ ಹಿಡಿಯಷ್ಟು ಮಣ್ಣು ಇದ್ದರೂ ಸಾಕು.

ಬಾಡಿಗೆ ಮಾತಾಡುವಾಗಲೇ ಹೇಳಿ: ತೊಳೆದು ತರಬೇಕು, ಇಲ್ಲವಾದರೆ ನಮ್ಮ ಗೇಟಿನ ಹೊರಗೆ ರಸ್ತೆ ಪಕ್ಕ ನಾವೇ ತೊಳೆಯುತ್ತೇವೆ. ಮೊದಲು ಕಬ್ಬಿಣದ ಪಟ್ಟಿಯಿಂದ ಮಣ್ಣು ಕೆರೆಯಿರಿ, ಆಮೇಲೆ ಸ್ಪ್ರೇಯರ್ ಪಂಪಿನಿಂದ ಜೋರಾಗಿ ನೀರು ಬಿಡಿ. ಟೈರು, ರೋಟವೇಟರ್ ಬ್ಲೇಡು, ಕುಳದ ಒಳಮೈ, ಮುಚ್ಚುವ ತಟ್ಟೆ. ತೊಳೆದ ನೀರು ನಿಮ್ಮ ಹೊಲದ ಕಡೆ, ಕೆರೆ ಕಡೆ ಹರಿಯದ ಜಾಗ ನೋಡಿಕೊಳ್ಳಿ. ಅರ್ಧ ಗಂಟೆಯ ಕೆಲಸ. ಡ್ರೈವರಿನ ಚಪ್ಪಲಿಯನ್ನೂ ಮರೆಯಬೇಡಿ. ನಿಮ್ಮ ಕೆಲಸ ಮುಗಿದ ಮೇಲೆ ಮುಂದಿನವರಿಗೂ ತೊಳೆದೇ ಕಳಿಸಿ.

ಅರಿಶಿನ ಹಾಕುವವರಿಗೆ

ಅರಿಶಿನಕ್ಕೆ ಇದೇ ಮೆಷಿನ್ ಇನ್ನೂ ಚೆನ್ನಾಗಿ ಒಗ್ಗುತ್ತದೆ. ಗಡ್ಡೆ ಗಟ್ಟಿ, ಬೆರಳು ಹೆಚ್ಚು ಕಡಿಮೆ ಒಂದೇ ಆಕಾರ. ತಾಯಿಗಡ್ಡೆಯನ್ನೂ ಬೆರಳನ್ನೂ ಕಲಸಿ ಹಾಕಬೇಡಿ, ಬೇರೆ ಬೇರೆ ಮಡಿಗೆ ಹಾಕಿ. ತಾಯಿಗಡ್ಡೆಯನ್ನು ಎರಡು ಹೋಳು ಮಾಡಿದರೆ ಗುಂಡಿಯಲ್ಲಿ ಕೂರುತ್ತದೆ. ಎಕರೆಗೆ ಸುಮಾರು 1,000 ಕೆ.ಜಿ. ಬೇಕಾಗುತ್ತದೆ. ಸಾಲಿನ ಅಂತರ 45 ಸೆಂ.ಮೀ. ಹಾಗೇ ಇರಲಿ, ಗಿಡದಿಂದ ಗಿಡಕ್ಕೆ ಮಾತ್ರ 25 ಮಾಡಿಕೊಳ್ಳಿ. ಮಿಕ್ಕಿದ್ದೆಲ್ಲ ಶುಂಠಿಯ ಹಾಗೆಯೇ.

ಸಣ್ಣ ಹೊಲ, ಇಳಿಜಾರು ಹೊಲ

ಹತ್ತು ಇಪ್ಪತ್ತು ಗುಂಟೆಗೆ, ಮೂಡಿಗೆರೆ ಕಡೆಯ ಏರು ತಗ್ಗಿಗೆ ಟ್ರ್ಯಾಕ್ಟರ್ ಬೇಡ. ಪವರ್ ಟಿಲ್ಲರಿನಲ್ಲಿ ಮಡಿ ಮಾಡಿ, ಅದಕ್ಕೇ ಸಣ್ಣ ಕುಳ ಕಟ್ಟಿ ಮಡಿ ಮೇಲೆ ಎರಡು ಸಾಲು ಎಳೆಯಿರಿ. ನಾಲ್ಕು ಇಂಚಿನ ಪಿವಿಸಿ ಪೈಪ್ ಮೂರು ಅಡಿ ಕತ್ತರಿಸಿ, ಕೆಳ ತುದಿ ಓರೆ ಮಾಡಿ. ಪೈಪಿಗೆ 20 ಸೆಂ.ಮೀ. ದೂರದಲ್ಲಿ ಒಂದು ಕಡ್ಡಿ ಕಟ್ಟಿದರೆ ಅಂತರ ಅದೇ ತೋರಿಸುತ್ತದೆ. ಸೊಂಟಕ್ಕೆ ಗಡ್ಡೆ ಚೀಲ ಕಟ್ಟಿಕೊಂಡು ನಿಂತೇ ಬಿಡುತ್ತಾ ಹೋಗಬಹುದು. ಹಿಂದಿನಿಂದ ಒಬ್ಬರು ಕುಂಟೆಯಲ್ಲಿ ಮುಚ್ಚಿಕೊಂಡು ಬರಲಿ. ಬಗ್ಗುವ ಕೆಲಸವೇ ಇಲ್ಲ.

ಇನ್ನೊಂದು ದಾರಿ ಟ್ರೇ ಸಸಿ. ಕೋಝಿಕ್ಕೋಡಿನ ಅದೇ ಸಂಸ್ಥೆ ಹೇಳಿಕೊಟ್ಟಿರುವ ಕ್ರಮ. ಒಂದೇ ಕಣ್ಣಿರುವ 5 ಗ್ರಾಂನ ಚೂರನ್ನು 98 ಗುಂಡಿಯ ಟ್ರೇಯಲ್ಲಿ ಬೆಳೆಸುವುದು. ಮುಕ್ಕಾಲು ಭಾಗ ಕಳಿತ ತೆಂಗಿನ ನಾರಿನ ಪುಡಿ, ಕಾಲು ಭಾಗ ಎರೆಗೊಬ್ಬರ, ಕೆ.ಜಿ.ಗೆ 10 ಗ್ರಾಂ ಟ್ರೈಕೋಡರ್ಮಾ, ಅಂದರೆ ಕೊಳೆ ರೋಗ ತಡೆಯುವ ಒಳ್ಳೆಯ ಶಿಲೀಂಧ್ರ. ನೆರಳು ಪರದೆಯ ಕೆಳಗೆ 30–40 ದಿನಕ್ಕೆ ಸಸಿ ರೆಡಿ. ಎಕರೆಯ 27,000ಕ್ಕೆ 135 ಕೆ.ಜಿ. ಗಡ್ಡೆ ಸಾಕು, ಎರಡೂ ಕಾಲು ಚೀಲ! ಸಾಯುವುದಕ್ಕೆ ಅಂತ ಸ್ವಲ್ಪ ಜಾಸ್ತಿ ಹಿಡಿದರೆ 300 ಟ್ರೇ ಬೇಕಾಗುತ್ತದೆ. ತರಕಾರಿ ಸಸಿ ನೆಡುವ ಕೊಕ್ಕಿನ ಪೈಪು ಅಂಗಡಿಯಲ್ಲಿ ಸಿಗುತ್ತದೆ. ಕೊಕ್ಕು ಚುಚ್ಚಿ, ಸಸಿ ಬಿಟ್ಟು, ಹಿಡಿ ಒತ್ತಿದರೆ ಬಾಯಿ ತೆರೆಯುತ್ತದೆ. ಇದಕ್ಕೂ ಬಗ್ಗಬೇಕಾಗಿಲ್ಲ. ಆದರೆ ಟ್ರೇ ಕೆಲಸಕ್ಕೆ ದಿನಾ ನೀರು, ದಿನಾ ನಿಗಾ ಬೇಕು. ಮನೆಯಲ್ಲಿ ಒಬ್ಬರಾದರೂ ಅದಕ್ಕೇ ಇರುವುದಾದರೆ ಮಾತ್ರ ಕೈ ಹಾಕಿ.

ಮೆಷಿನ್ ಕೊಳ್ಳುವ ಮಾತು. ವರ್ಷಕ್ಕೆ ಕೆಲವೇ ದಿನ ಓಡುವ ಪ್ಲಾಂಟರನ್ನು ಒಂದು ಮನೆಯವರು ಕೊಳ್ಳುವುದು ಲೆಕ್ಕಕ್ಕೆ ಬರುವುದಿಲ್ಲ. ನಾಲ್ಕೈದು ಮನೆ ಸೇರಿ ಕೊಳ್ಳಿ, ಇಲ್ಲವೇ ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಬಾಡಿಗೆಗೆ ಏನೇನಿದೆ ಕೇಳಿ. ರೋಟವೇಟರ್ ಸಾಮಾನ್ಯವಾಗಿ ಸಿಗುತ್ತದೆ. ಸಹಾಯಧನದ ಪಟ್ಟಿಯನ್ನು ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ, ರೈತರ ನೋಂದಣಿಯ ಫ್ರೂಟ್ಸ್ ಐಡಿ ಜೊತೆಗಿರಲಿ. ಹಾಸನದವರಿಗೆ ಕಂದಲಿಯಲ್ಲಿ, ಚಿಕ್ಕಮಗಳೂರಿನವರಿಗೆ ಮೂಡಿಗೆರೆಯಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ. ಕೇಳಿದರೆ ದಾರಿ ಹೇಳುತ್ತಾರೆ.

ನಾಟಿ ಆದ ಮೇಲೆ

ಮೆಷಿನ್ ಗೇಟು ದಾಟಿದ ದಿನವೇ ಹೊದಿಕೆ ಹಾಕಿ. ಇದನ್ನು ಕೈಯಲ್ಲೇ ಮಾಡಬೇಕು. ಎಕರೆಗೆ ನಾಲ್ಕೈದು ಟನ್ ಸೊಪ್ಪು ಬೇಕು. ತೋಟದಲ್ಲಿ ನೆರಳು ಕಡಿದ ಹಾಲುವಾಣದ ಸೊಪ್ಪು, ಸಿಲ್ವರ್ ಓಕ್ ಎಲೆ, ಭತ್ತದ ಹುಲ್ಲು, ಯಾವುದಾದರೂ ಆಗುತ್ತದೆ. ಮಡಿ ಮೇಲೆ ಮಾತ್ರ ಹಾಕಿ, ಕಾಲುವೆ ಖಾಲಿ ಇರಲಿ.

ಗಿಡ ಏಳುವ ಹೊತ್ತಿಗೆ ಮಡಿ ಉದ್ದಕ್ಕೂ ನಡೆದು ನೋಡಿ. ಒಂದೇ ಸಾಲಿನಲ್ಲಿ ಉದ್ದಕ್ಕೆ ಖಾಲಿ ಕಂಡರೆ ಆ ಪಕ್ಕದ ಕೊಳವೆ ಕಟ್ಟಿಕೊಂಡಿತ್ತು ಅಂತ ಅರ್ಥ. ಅಲ್ಲಲ್ಲಿ ಒಂದೊಂದು ಖಾಲಿ ಇದ್ದರೆ ಕೆದಕಿ ನೋಡಿ. ತುಂಡೇ ಇಲ್ಲದಿದ್ದರೆ ಗುಂಡಿ ತಪ್ಪಿದ್ದು, ಕೊಳೆತಿದ್ದರೆ ಗಡ್ಡೆಯ ದೋಷ. ಇದನ್ನು ಬರೆದಿಟ್ಟುಕೊಳ್ಳಿ, ಮುಂದಿನ ವರ್ಷ ಮೆಷಿನ್ ಹೊಂದಿಸುವಾಗ ಬೇಕಾಗುತ್ತದೆ. ಖಾಲಿ ಜಾಗಕ್ಕೆ ಹಾಕಲು ಮನೆ ಹತ್ತಿರ ಸ್ವಲ್ಪ ತುಂಡನ್ನು ಮೊದಲೇ ಒತ್ತಾಗಿ ನೆಟ್ಟಿಟ್ಟಿರಿ.

45ನೇ ದಿನ ಕಳೆ ತೆಗೆದು, ಗೊಬ್ಬರ ಕೊಟ್ಟು, ಮಣ್ಣು ಏರಿಸಬೇಕು. ಗಿಡ ಇನ್ನೂ ಗಿಡ್ಡ ಇರುವಾಗ ಟ್ರ್ಯಾಕ್ಟರ್ ಅದರ ಮೇಲೆ ಆರಾಮಾಗಿ ಹೋಗುತ್ತದೆ, ಗಾಲಿ ಅದೇ ಕಾಲುವೆಯಲ್ಲಿ. ರಿಡ್ಜರ್ ರೆಕ್ಕೆ ಕಾಲುವೆಯ ಮಣ್ಣನ್ನು ಎರಡೂ ಪಕ್ಕಕ್ಕೆ ಎತ್ತಿ ಹಾಕುತ್ತದೆ, ಕಾಲುವೆಯೂ ಆಳವಾಗುತ್ತದೆ. 90ನೇ ದಿನದ್ದಕ್ಕೆ ಗಿಡ ಎತ್ತರ ಬಂದಿರುತ್ತದೆ, ಆಗ ಪವರ್ ವೀಡರನ್ನು ಕಾಲುವೆಯಲ್ಲಿ ಓಡಿಸಿ. ಎರಡು ಸಲವೂ ಮಣ್ಣು ಏರಿಸಿದ ಮೇಲೆ ಮತ್ತೆ ಹೊದಿಕೆ ಹಾಕಿ. ಕೀಳುವ ಹೊತ್ತಿಗೆ ಆಲೂಗಡ್ಡೆ ಡಿಗ್ಗರ್ ಕರೆಸುವುದಾದರೆ ಅದರ ಬ್ಲೇಡು ಮಡಿಯ ಬುಡದ ಅಗಲಕ್ಕೆ, ಮೂರೂ ಮುಕ್ಕಾಲು ಅಡಿಗೆ ಸರಿಯಾಗಿದೆಯಾ ಅಂತ ಮೊದಲೇ ಅಳೆದು ನೋಡಿ. ಕಿರಿದಾದ ಬ್ಲೇಡು ಪಕ್ಕದ ಗಡ್ಡೆಗಳನ್ನು ಸೀಳಿಹಾಕುತ್ತದೆ.